6 ಟನ್ ದೋಣಿಗೆ 60 ಹೆಚ್‌ಪಿ ಡೀಸೆಲ್ ಎಂಜಿನ್ ಕೂರಿಸಬಹುದಾ? ಗೇರ್‌ಬಾಕ್ಸ್ ಯಾವುದು ಹಾಕಲಿ?

ಮರದದೋಣಿ:
ಎಲ್ಲರಿಗೂ ನಮಸ್ಕಾರ. ಹಳೇ ಮರದ ದೋಣಿ, ದುಂಡು ತಳ, ವಾಟರ್‌ಲೈನ್ (ನೀರಿನ ಮಟ್ಟದಲ್ಲಿ ದೋಣಿಯ) ಉದ್ದ 25 ಅಡಿ, ತೂಕ ಹೆಚ್ಚುಕಡಿಮೆ 6 ಟನ್. ಈಗಿರುವ ಎಂಜಿನ್ ಇನ್ನು ರಿಪೇರಿಗೂ ಬರುವುದಿಲ್ಲ. 60 ಹೆಚ್‌ಪಿಯ ಪಿಕಪ್ ಗಾಡಿ ಎಂಜಿನ್ ಒಂದು ಸಿಗುತ್ತಿದೆ, ಜಾಸ್ತಿ ಓಡಿಲ್ಲ. ಇನ್ನೊಂದು 30 ಹೆಚ್‌ಪಿ ಮರೀನ್ ಎಂಜಿನ್, 3000 ಆರ್‌ಪಿಎಂದು. ಪವರ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಗೇರ್‌ಬಾಕ್ಸ್ 2:1 ಹಾಕು ಅಂತ ಒಬ್ಬರು, 2.5:1 ಅಂತ ಇನ್ನೊಬ್ಬರು. ಪ್ರೊಪೆಲ್ಲರ್ ತಿರುಗುವ ಜಾಗದ ಎತ್ತರ 20 ಇಂಚು.

ಹಳೇಸ್ಪ್ಯಾನರ್:
ಸರ್, ಎಂಜಿನ್ ಆಮೇಲೆ. ಮೊದಲು ದೋಣಿ, ಆಮೇಲೆ ಪ್ರೊಪೆಲ್ಲರ್, ಅಲ್ಲಿಂದ ಗೇರ್‌ಬಾಕ್ಸ್, ಕೊನೆಗೆ ಎಂಜಿನ್.

ನಿಮ್ಮಂಥ ದುಂಡು ತಳದ ದೋಣಿಯ ವೇಗಕ್ಕೆ ಒಂದು ಮಿತಿ ಇದೆ. ಅಡಿಗಳಲ್ಲಿ ವಾಟರ್‌ಲೈನ್ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿ. 25ರ ವರ್ಗಮೂಲ 5, ಅಂದರೆ ಸುಮಾರು 6.7 ನಾಟ್ (ಗಂಟೆಗೆ 12 ಕಿಮೀ ಚಿಲ್ಲರೆ). ಅದರಾಚೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕು, ಹಿಂಭಾಗ ಕುಸಿಯುತ್ತದೆ, ಡೀಸೆಲ್ ಸುಮ್ನೆ ಹೊಗೆಯಾಗುತ್ತದೆ. ಅಷ್ಟು ವೇಗಕ್ಕೆ ಟನ್ನಿಗೆ 3ರಿಂದ 5 ಹೆಚ್‌ಪಿ ಸಾಕು, ಎದುರುಗಾಳಿಯ ಲೆಕ್ಕವೂ ಸೇರಿ 30 ಹೆಚ್‌ಪಿ ಧಾರಾಳ. 60ರದ್ದು ಹಾಕಿದರೆ ಅದು ಯಾವಾಗಲೂ ಅರ್ಧ ನಿದ್ದೆಯಲ್ಲೇ ಓಡುತ್ತದೆ, ಡೀಸೆಲ್‌ಗೆ ಅದು ಆಗಿಬರುವುದಿಲ್ಲ, ಸಿಲಿಂಡರ್ ಗೋಡೆ ನುಣ್ಣಗಾಗಿ ಆಯಿಲ್ ಕುಡಿಯಲು ಶುರುಮಾಡುತ್ತದೆ.

ಇನ್ನು ರೇಶಿಯೋ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತು ತಿರುಗಬೇಕು ಅನ್ನೋದು. ಭಾರದ ದೋಣಿಗೆ ದೊಡ್ಡ ಪ್ರೊಪೆಲ್ಲರ್ ನಿಧಾನವಾಗಿ ತಿರುಗಬೇಕು. 2.5:1 ಹಾಕಿದರೆ ಶಾಫ್ಟ್ 1200 ಆರ್‌ಪಿಎಂನಲ್ಲಿ ತಿರುಗುತ್ತದೆ, ಆದರೆ ಅದಕ್ಕೆ ಹದಿನೇಳೂವರೆ ಇಂಚಿನ ಪ್ರೊಪೆಲ್ಲರ್ ಬೇಕು. ರೆಕ್ಕೆ ತುದಿಗೂ ಹಲ್‌ಗೂ (ದೋಣಿಯ ಒಡಲಿಗೂ) ಮಧ್ಯೆ ಮೇಲೂ ಕೆಳಗೂ ಪ್ರೊಪೆಲ್ಲರ್ ವ್ಯಾಸದ 10-15 ಶೇಕಡಾ ಜಾಗ ಬಿಡಬೇಕಲ್ಲ, ನಿಮ್ಮ 20 ಇಂಚಿನಲ್ಲಿ 16ಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. 2:1ಕ್ಕೆ ಶಾಫ್ಟ್ 1500, ಪ್ರೊಪೆಲ್ಲರ್ 15 ಇಂಚು, ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಲೆಕ್ಕಕ್ಕೆ ಮುಂದೆ ಸಾಗುವ ದೂರ) 10 ಇಂಚಿನ ಆಸುಪಾಸು. ಅಲ್ಲಿಂದ ಶುರುಮಾಡಿ.

ಬಿಲ್ಜ್‌ಪಂಪ್:
ಗಾಡಿ ಎಂಜಿನ್ ಕೆಟ್ಟದ್ದೇನಲ್ಲ, ಎಷ್ಟೋ ಮರೀನ್ ಎಂಜಿನ್‌ಗಳ ಬ್ಲಾಕ್ ಟ್ರ್ಯಾಕ್ಟರ್, ಜೆಸಿಬಿಗಳಲ್ಲಿ ಇರುವುದೇ. ಆದರೆ ಹೀಟ್ ಎಕ್ಸ್‌ಚೇಂಜರ್ (ಹೊರಗಿನ ನೀರಿನಿಂದ ಎಂಜಿನ್ ತಂಪುಮಾಡುವ ಭಾಗ), ನೀರು ಹರಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಹೊರಬರುವ ಕೊಳವೆ), ಹೊರಗಿನ ನೀರೆಳೆಯುವ ಪಂಪ್, ಗೇರ್‌ಬಾಕ್ಸ್‌ಗೆ ಹೊಂದುವ ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಕವಚ) ಎಲ್ಲ ಬೇಕು. ಒಂದು ಸಿಗದಿದ್ದರೂ ಎಂಜಿನ್ ಶೆಡ್ಡಿನಲ್ಲೇ ಕೂತಿರುತ್ತದೆ. ಕೈಯಲ್ಲಿ ಲೇತ್ ಇದ್ದವರಿಗೆ ಸರಿ.

ಮರದದೋಣಿ:
ಸರಿ, 60ರ ಆಸೆ ಬಿಟ್ಟೆ. 30, 2:1. ಕೂರಿಸುವಾಗ ಏನು ನೋಡಬೇಕು?

ಹಳೇಸ್ಪ್ಯಾನರ್:
ಅಲೈನ್‌ಮೆಂಟ್, ಅಂದರೆ ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇರಬೇಕು. ಮರದ ದೋಣಿ ನೀರಿಗಿಳಿದ ಮೇಲೆ ಆಕಾರ ಸ್ವಲ್ಪ ಬದಲಾಗುತ್ತದೆ, ಆದ್ದರಿಂದ ದಡದಲ್ಲಿ ಮಾಡಿದ್ದನ್ನು ನಂಬಬೇಡಿ, ನೀರಲ್ಲಿ ಒಂದೆರಡು ದಿನ ಬಿಟ್ಟು ಮತ್ತೆ ನೋಡಿ. ಗೇರ್‌ಬಾಕ್ಸ್‌ಗೂ ಶಾಫ್ಟಿಗೂ ಸೇರುವ ಕಪ್ಲಿಂಗ್‌ನ ಬೋಲ್ಟ್ ಬಿಚ್ಚಿ, ಎರಡು ಮುಖಗಳನ್ನು ಹತ್ತಿರ ತಂದು ಮೇಲೆ, ಕೆಳಗೆ, ಎರಡು ಪಕ್ಕ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ. 4 ಇಂಚಿನ ಕಪ್ಲಿಂಗ್‌ಗೆ ಸಂದುಗಳ ವ್ಯತ್ಯಾಸ 0.1 ಮಿಮೀ ದಾಟಬಾರದು. ಆಮೇಲೆ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆಯಿರಿ. ದೊಡ್ಡ ಸಂದು ಶಾಫ್ಟಿನ ಜೊತೆಗೇ ಸುತ್ತಿದರೆ ಶಾಫ್ಟ್ ಬಾಗಿದೆ ಅಥವಾ ಕಪ್ಲಿಂಗ್ ಓರೆಯಾಗಿದೆ, ಎಂಜಿನ್ ಕೂತಿರುವ ಮೌಂಟ್‌ಗಳ ನಟ್ಟು ಎಷ್ಟು ತಿರುಗಿಸಿದರೂ ಅದು ಸರಿಹೋಗದು.

ಟ್ರಯಲ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ 3000 ಮುಟ್ಟಲೇಬೇಕು. 2700ರಲ್ಲೇ ನಿಂತು ಕಪ್ಪು ಹೊಗೆ ಬಂದರೆ ಪಿಚ್ ಜಾಸ್ತಿಯಾಗಿದೆ ಅಂತ ಅರ್ಥ. ಒಂದು ಇಂಚು ಇಳಿಸಿದರೆ 150-200 ಆರ್‌ಪಿಎಂ ಏರುತ್ತದೆ.

ಬಿಲ್ಜ್‌ಪಂಪ್:
ಇನ್ನೊಂದು ಸೇರಿಸುತ್ತೇನೆ. ಹೊಸದಾಗಿ ಕೂರಿಸಿದ ಎಂಜಿನ್ ಬೇಗ ಸ್ಟಾರ್ಟ್ ಆಗುವುದಿಲ್ಲ, ಡೀಸೆಲ್ ಲೈನಲ್ಲಿ ಗಾಳಿ ಇರುತ್ತದೆ. ಸೆಲ್ಫ್ ಹೊಡೆಯುತ್ತಲೇ ಇದ್ದರೆ ಪಂಪ್ ನೀರೆಳೆದು ಎಕ್ಸಾಸ್ಟ್‌ಗೆ ತುಂಬುತ್ತದೆ, ಹೊರಗೆ ತಳ್ಳಲು ಹೊಗೆ ಇಲ್ಲ, ನೀರು ಹಿಂದಕ್ಕೆ ಸಿಲಿಂಡರ್‌ಗೇ ಬರುತ್ತದೆ. ಸ್ಟಾರ್ಟ್ ಆಗುವವರೆಗೆ ನೀರಿನ ವಾಲ್ವ್ ಮುಚ್ಚಿರಿ. ಸ್ಟಾರ್ಟ್ ಆದ ಕೂಡಲೇ ತೆರೆಯಿರಿ, ಇಲ್ಲವಾದರೆ ಪಂಪ್ ಒಳಗಿನ ರಬ್ಬರ್ ಚಕ್ರ, ಇಂಪೆಲ್ಲರ್, ಹೋಗುತ್ತದೆ.