ಪದಚರ್ಚೆ: ಸೂಪರ್‌ಹೀರೋ ‘ಒಪ್ಪಿಕೊಂಡ’ನೋ, ‘ಹೇಳಿಕೊಂಡ’ನೋ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಕಾಮಿಕ್ಸ್‌ಗಳಲ್ಲಿ ಬರುವ ಕ್ವಿಯರ್ (ಅಂದರೆ ಒಲವು ಅಥವಾ ಲಿಂಗಗುರುತು ಬಹುಸಂಖ್ಯಾತರಂತೆ ಇಲ್ಲದ) ಸೂಪರ್‌ಹೀರೋಗಳನ್ನು ಓದುಗರು ಹೇಗೆ ಬರಮಾಡಿಕೊಂಡರು ಎಂಬುದರ ಬಗ್ಗೆ ಲೇಖನ ಬರೆಯುತ್ತಿದ್ದೇನೆ. (‘ಚಿತ್ರಕಥೆ’ ಅಂತ ಬರೆದರೆ ಸಿನಿಮಾದ ಚಿತ್ರಕಥೆ ಅಂದುಕೊಳ್ಳುತ್ತಾರೆ, ಅದಕ್ಕೇ ಕಾಮಿಕ್ಸ್ ಎಂದೇ ಇಟ್ಟುಕೊಂಡಿದ್ದೇನೆ.) ಹೆಸರು, ಇಸವಿ ಎಲ್ಲ ಕೈಯಲ್ಲಿವೆ. ಬರವಣಿಗೆ ನಿಂತಿರುವುದು ಒಂದೇ ಕಡೆ. ಬಚ್ಚಿಟ್ಟಿದ್ದ ತನ್ನ ಒಲವನ್ನು ತಾನಾಗಿ ಹೇಳುವುದಕ್ಕೆ ‘ಕಮಿಂಗ್ ಔಟ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನು ಬರೆಯೋಣ?

ಮೊದಲ ಕರಡಿನಲ್ಲಿ ನಾನು ಬರೆದ ಸಾಲು ಇದು: “1992ರಲ್ಲಿ ನಾರ್ತ್‌ಸ್ಟಾರ್ ತಾನು ಸಲಿಂಗಿ ಎಂದು ಒಪ್ಪಿಕೊಂಡ.” ಕೈ ತಾನಾಗಿ ಬರೆದುಬಿಟ್ಟಿತ್ತು. ಮಾರನೆಯ ದಿನ ಓದಿದಾಗ ಬೇಸರವಾಯಿತು. ಕನ್ನಡದಲ್ಲಿ ‘ಎಂದು ಒಪ್ಪಿಕೊಂಡ’ ಅಂತ ಯಾವಾಗ ಹೇಳುತ್ತೇವೆ? ಕದ್ದದ್ದು ತಾನೇ ಎಂದು ಒಪ್ಪಿಕೊಂಡ. ಲಂಚ ತೆಗೆದುಕೊಂಡೆ ಎಂದು ಒಪ್ಪಿಕೊಂಡ. ಆ ಜಾಗದಲ್ಲಿ ‘ಸಲಿಂಗಿ’ ಅಂತ ಕೂರಿಸಿದರೆ, ನಾನು ಬೇರೇನೂ ಹೇಳದಿದ್ದರೂ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಆಯಿತು.

ನಾರ್ತ್‌ಸ್ಟಾರ್ ಕಥೆಯನ್ನು ನೋಡಿದರೆ ಈ ಕ್ರಿಯಾಪದ ಎಷ್ಟು ತಪ್ಪು ಅಂತ ಗೊತ್ತಾಗುತ್ತದೆ. ಅವನು ಅಮೆರಿಕದ ಮಾರ್ವೆಲ್ ಕಾಮಿಕ್ಸ್ ಕಂಪನಿಯ ಪಾತ್ರ. ಹೆಸರು ಜಾನ್-ಪಾಲ್ ಬೋಬಿಯೆ, ಕೆನಡಾದವನು. ಮೊದಲು ಕಾಣಿಸಿಕೊಂಡದ್ದು 1979ರಲ್ಲಿ. ಅವನು ಸಲಿಂಗಿ ಎಂಬುದು ಅವನನ್ನು ಸೃಷ್ಟಿಸಿದವರಲ್ಲಿ ಒಬ್ಬರಾದ ಜಾನ್ ಬರ್ನ್ ಅವರ ಮನಸ್ಸಿನಲ್ಲಿತ್ತು. ಪುಟದ ಮೇಲೆ ಬರೆಯಲು ಆಗುತ್ತಿರಲಿಲ್ಲ. ಅಮೆರಿಕದ ಕಾಮಿಕ್ಸ್ ಪ್ರಕಾಶಕರು 1954ರಲ್ಲಿ ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ‘ಲೈಂಗಿಕ ವಿಕೃತಿ’ಯನ್ನೂ ಅದರ ಸುಳಿವನ್ನೂ ನಿಷೇಧಿಸಿತ್ತು. ಸುಳಿವು ಕೂಡ ಕೂಡದು! ಆ ನಿಯಮ ಸಡಿಲವಾದದ್ದು 1989ರಲ್ಲಿ. ಮೂರು ವರ್ಷದ ನಂತರ, ‘ಆಲ್ಫಾ ಫ್ಲೈಟ್’ನ 106ನೇ ಸಂಚಿಕೆಯಲ್ಲಿ, ಹೊಡೆದಾಟದ ನಡುವೆ ನಾರ್ತ್‌ಸ್ಟಾರ್ ತಾನು ಸಲಿಂಗಿ ಎಂದು ಹೇಳುತ್ತಾನೆ. ಎದುರಿಗಿರುವವನು ಏಡ್ಸ್‌ನಿಂದ ಮಗನನ್ನು ಕಳೆದುಕೊಂಡ ಒಬ್ಬ ಹಳೆಯ ಹೀರೋ. ಸಲಿಂಗಿಯಾಗಿದ್ದ ತನ್ನ ಮಗನಿಗಾಗಿ ಯಾರೂ ಮರುಗಲಿಲ್ಲ ಎಂಬ ನೋವು ಅವನದು. ಆ ತಂದೆಯ ಮುಂದೆ ಬಂದ ಮಾತು ಅದು. ಅದನ್ನು ತಪ್ಪೊಪ್ಪಿಗೆಯ ಭಾಷೆಯಲ್ಲಿ ಬರೆಯಲು ನನಗೆ ಮನಸ್ಸು ಬರಲಿಲ್ಲ.

ವಿಚಿತ್ರ ಅಂದರೆ ಇದೇ ಕ್ರಿಯಾಪದಕ್ಕೆ ಇನ್ನೊಂದು ಮುಖ ಇದೆ. ‘ಎಂದು’ ತೆಗೆದು ‘ಅನ್ನು’ ಹಾಕಿ ನೋಡಿ: “ಅವನು ತನ್ನನ್ನು ತಾನು ಒಪ್ಪಿಕೊಂಡ.” ಈಗ ತಪ್ಪಿನ ವಾಸನೆಯೇ ಇಲ್ಲ. ಅಪ್ಪ ಅಮ್ಮ ಅವನನ್ನು ಒಪ್ಪಿಕೊಂಡರು, ಓದುಗರು ಒಪ್ಪಿಕೊಂಡರು. ಇವೆಲ್ಲ ಚೆನ್ನಾಗಿವೆ. ಒಂದು ವಿಭಕ್ತಿಯಿಂದ ಅರ್ಥ ಇಷ್ಟು ಬದಲಾಗುವುದನ್ನು ನಾನು ಮೊದಲು ಗಮನಿಸಿರಲಿಲ್ಲ.

ಬೇರೆ ನುಡಿಗಟ್ಟು ಹುಡುಕೋಣ ಅಂತ ಹೊರಟೆ. ಸೂಪರ್‌ಹೀರೋಗಳಿಗೆ ಮುಖವಾಡ ಇರುತ್ತದಲ್ಲ, ‘ಮುಖವಾಡ ಕಳಚಿದ’ ಅಂದರೆ ಹೊಂದುತ್ತದೆ ಅನ್ನಿಸಿತು. ಆದರೆ ನಮ್ಮಲ್ಲಿ ಮುಖವಾಡ ಕಳಚುವುದು ಆಷಾಢಭೂತಿಯದು. ‘ಬಣ್ಣ ಬಯಲಾಯಿತು’ ಅಂದರೂ ಅಷ್ಟೇ, ಸಿಕ್ಕಿಬಿದ್ದ ಅಂತಲೇ ಅರ್ಥ. ಮುಚ್ಚಿಟ್ಟದ್ದು ಹೊರಗೆ ಬಂತು ಅನ್ನುವುದಕ್ಕೆ ನನಗೆ ಥಟ್ಟನೆ ನೆನಪಾಗುವ ನುಡಿಗಟ್ಟುಗಳೆಲ್ಲ ಮೋಸಗಾರನ ಬಗ್ಗೆಯೇ ಇವೆ. ಹೆದರಿ ಮುಚ್ಚಿಟ್ಟವನ ಬಗ್ಗೆ ಒಂದೂ ಇಲ್ಲ. ಇದು ನನ್ನನ್ನು ಜಾಸ್ತಿ ಕಾಡಿದ ವಿಷಯ.

‘ಗುಟ್ಟು ರಟ್ಟಾಯಿತು’ ಮಾತ್ರ ಬೇರೆ ಕಡೆ ಕೆಲಸಕ್ಕೆ ಬಂತು. 2015ರಲ್ಲಿ ‘ಆಲ್-ನ್ಯೂ ಎಕ್ಸ್-ಮೆನ್’ 40ನೇ ಸಂಚಿಕೆಯಲ್ಲಿ ಐಸ್‌ಮ್ಯಾನ್, ಅಂದರೆ ಬಾಬಿ ಡ್ರೇಕ್, ಸಲಿಂಗಿ ಎಂದು ಗೊತ್ತಾಗುತ್ತದೆ. 1963ರ ಮೊದಲ ಎಕ್ಸ್-ಮೆನ್ ಸಂಚಿಕೆಯಿಂದಲೂ ಇರುವ ಪಾತ್ರ ಅದು. ಆದರೆ ಅವನು ತಾನಾಗಿ ಹೇಳಲಿಲ್ಲ. ಮನಸ್ಸು ಓದಬಲ್ಲ ಜೀನ್ ಗ್ರೇ ಅವನ ಮನಸ್ಸನ್ನು ಓದಿ, ನೀನು ಹೀಗೆ ಅಂತ ಅವನಿಗೇ ಹೇಳುತ್ತಾಳೆ. ಓದುಗರಲ್ಲಿ ಕೆಲವರಿಗೆ ಖುಷಿಯಾಯಿತು. ಕೆಲವರಿಗೆ ನೋವಾಯಿತು. ನೋವಾದವರಲ್ಲಿ ಕ್ವಿಯರ್ ಓದುಗರೂ ಇದ್ದರು. ಅವರ ಆಕ್ಷೇಪ ಪಾತ್ರ ಸಲಿಂಗಿ ಆದದ್ದಕ್ಕಲ್ಲ, ಆ ಮಾತು ಅವನ ಬಾಯಿಂದ ಬರದೆ ಇನ್ನೊಬ್ಬರಿಂದ ಬಂದದ್ದಕ್ಕೆ. ಅದೇ ವರ್ಷ ‘ಅನ್‌ಕ್ಯಾನಿ ಎಕ್ಸ್-ಮೆನ್’ 600ರಲ್ಲಿ ದೊಡ್ಡವನಾದ ಬಾಬಿ (ಜೀನ್ ಓದಿದ್ದು ಹಿಂದಿನ ಕಾಲದಿಂದ ಬಂದ ಹುಡುಗ ಬಾಬಿಯ ಮನಸ್ಸನ್ನು) ತಾನೇ ಬಾಯಿಬಿಟ್ಟು ಹೇಳುತ್ತಾನೆ. ಈ ಎರಡನ್ನೂ ಸುಮ್ನೆ ‘ಬಹಿರಂಗವಾಯಿತು’ ಅಂತ ಬರೆದುಬಿಟ್ಟರೆ ಓದುಗರ ಸಿಟ್ಟು ಯಾಕೆ ಅನ್ನುವುದೇ ಅರ್ಥವಾಗುವುದಿಲ್ಲ. ಮೊದಲನೆಯದಕ್ಕೆ ‘ಜೀನ್ ಅವನ ಗುಟ್ಟು ರಟ್ಟು ಮಾಡಿದಳು’ ಅಂತ ಬರೆದಿದ್ದೇನೆ. ಎರಡನೆಯದಕ್ಕೆ ‘ಬಾಬಿ ಹೇಳಿಕೊಂಡ’.

ಹೌದು, ‘ಹೇಳಿಕೊಳ್ಳು’ ನನ್ನ ಸದ್ಯದ ಆಯ್ಕೆ. ಕಷ್ಟ ಹೇಳಿಕೊಂಡೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಂಡೆ ಅನ್ನುತ್ತೇವೆ ಅಲ್ವಾ? ಆ ‘ಕೊಳ್ಳು’ವಿನಲ್ಲಿ ತನಗಾಗಿ, ತನ್ನ ಇಷ್ಟದಿಂದ ಎಂಬ ಭಾವ ಇದೆ. ನಂಬಿಕೆ ಇರುವವರ ಹತ್ತಿರ ಮಾತ್ರ ಹೇಳಿಕೊಳ್ಳುತ್ತೇವೆ. ತೊಂದರೆ ಒಂದೇ. ‘ತಾನು ವೈದ್ಯ ಎಂದು ಹೇಳಿಕೊಂಡಿದ್ದಾನೆ’ ಅಂತ ಪತ್ರಿಕೆಯಲ್ಲಿ ಬಂದರೆ ನಾವು ನಂಬುವುದಿಲ್ಲ. ಇಲ್ಲೂ ಆ ‘ಎಂದು’ವೇ ಕಾಟ ಕೊಡುತ್ತಿದೆ. ಹಾಗಾಗಿ ‘ಸಲಿಂಗಿ ಎಂದು ಹೇಳಿಕೊಂಡ’ ಅನ್ನುವುದನ್ನು ಬಿಟ್ಟು ‘ತನ್ನ ಒಲವಿನ ಬಗ್ಗೆ ಹೇಳಿಕೊಂಡ’ ಅಂತ ತಿರುಗಿಸಿ ಬರೆಯುತ್ತಿದ್ದೇನೆ. ‘ಹೊರಬಂದ’ ಅಂತಲೂ ಕೆಲವರು ಬರೆಯುತ್ತಾರೆ. ಗೊತ್ತಿದ್ದವರಿಗೆ ಸರಿ. ಗೊತ್ತಿಲ್ಲದವರು ‘ಎಲ್ಲಿಂದ?’ ಅಂತ ಕೇಳುತ್ತಾರೆ.

ನಾಮಪದಗಳ ಬಗ್ಗೆಯೂ ಎರಡು ಮಾತು. ‘ಸಲಿಂಗಕಾಮಿ’ಯಲ್ಲಿರುವ ‘ಕಾಮಿ’ ನನಗೆ ಬೇಡ. ಗಂಡು ಹೆಣ್ಣಿನ ಪ್ರೀತಿಯ ಕಥೆ ಬರೆಯುವಾಗ ಯಾರನ್ನೂ ಕಾಮಿ ಅನ್ನುವುದಿಲ್ಲ. ‘ಸಲಿಂಗಿ’, ‘ಸಲಿಂಗಪ್ರೇಮಿ’ ಸಾಕು. ಕಷ್ಟ ಇರುವುದು ‘ಬೈಸೆಕ್ಷುಯಲ್’ ಎಂಬುದಕ್ಕೆ, ಅಂದರೆ ಗಂಡು ಹೆಣ್ಣು ಇಬ್ಬರ ಕಡೆಗೂ ಒಲವಿರುವವರಿಗೆ. 2021ರ ಅಕ್ಟೋಬರ್ 11ರಂದು ಡಿಸಿ ಕಾಮಿಕ್ಸ್ ಕಂಪನಿ ಹೊಸ ಸೂಪರ್‌ಮ್ಯಾನ್ ಜಾನ್ ಕೆಂಟ್ ಬೈಸೆಕ್ಷುಯಲ್ ಎಂದು ಪ್ರಕಟಿಸಿತು. ಮುಂದಿನ ತಿಂಗಳ ಸಂಚಿಕೆಯಲ್ಲಿ ಅವನೂ ಜೇ ನಕಾಮುರಾ ಎಂಬ ಹುಡುಗನೂ ಮುತ್ತಿಟ್ಟುಕೊಂಡರು. ಇದಕ್ಕೆ ‘ಸೂಪರ್‌ಮ್ಯಾನ್ ಈಗ ದ್ವಿಲಿಂಗಿ’ ಎಂದು ತಲೆಬರಹ ಕೊಟ್ಟರೆ ಒಂದೇ ಸಾಲಿನಲ್ಲಿ ಎರಡು ತಪ್ಪು. ದ್ವಿಲಿಂಗಿ ಅಂದರೆ ವಿಜ್ಞಾನದ ಪಾಠದಲ್ಲಿ ಕೇಸರವೂ ಶಲಾಕೆಯೂ ಒಟ್ಟಿಗಿರುವ ಹೂವು. ಅದು ದೇಹದ ಮಾತು, ಒಲವಿನದಲ್ಲ. ಇನ್ನೊಂದು, ಬರೀ ‘ಸೂಪರ್‌ಮ್ಯಾನ್’ ಅಂದರೆ ಎಲ್ಲರಿಗೂ ನೆನಪಾಗುವುದು ಕ್ಲಾರ್ಕ್ ಕೆಂಟ್. ಜಾನ್ ಅವನ ಮತ್ತು ಲೋಯಿಸ್ ಲೇನ್‌ಳ ಮಗ. ‘ನಮ್ಮ ಸೂಪರ್‌ಮ್ಯಾನನ್ನು ಬದಲಾಯಿಸಿಬಿಟ್ಟರು’ ಅಂತ ಆಗ ಸಿಟ್ಟಾದವರಲ್ಲಿ ತುಂಬ ಜನ ಅಪ್ಪನನ್ನೂ ಮಗನನ್ನೂ ಒಂದೇ ಅಂದುಕೊಂಡಿದ್ದರು. ಹಿಂದೆ ಟೀವಿಯಲ್ಲಿ ಸೂಪರ್‌ಮ್ಯಾನ್ ಆಗಿದ್ದ ನಟ ಡೀನ್ ಕೇನ್ ಅವರ ಟೀಕೆ ಬೇರೆ ಥರದ್ದು. ಇದರಲ್ಲಿ ಧೈರ್ಯವೇನಿಲ್ಲ, ಎಲ್ಲರ ಹಿಂದೆ ಹೋಗಿದ್ದಾರೆ ಅಷ್ಟೇ ಎಂಬುದು ಅವರ ಮಾತಿನ ಸಾರ. ಅದಕ್ಕೆ ‘ಗಾಳಿ ಬಂದಾಗ ತೂರಿಕೊಂಡರು’ ಅಂತ ಹಾಕಿದೆ. ಅವರ ಅಭಿಪ್ರಾಯ ನನಗೆ ಒಪ್ಪಿಗೆಯಿಲ್ಲ, ಆದರೂ ಅದನ್ನು ಸರಿಯಾದ ಕನ್ನಡದಲ್ಲಿ ತಲುಪಿಸಬೇಕಲ್ಲ.

ಕೊನೆಯದು ‘ವಿವಾದ’. 2019ರಲ್ಲಿ ಬ್ರೆಜಿಲ್‌ನ ರಿಯೊ ಪುಸ್ತಕ ಮೇಳದಲ್ಲಿ ಒಂದು ಅವೆಂಜರ್ಸ್ ಕಾಮಿಕ್ಸ್ ಸುದ್ದಿಯಾಯಿತು. ಅದರ ಒಂದು ಚೌಕದಲ್ಲಿ ವಿಕನ್ ಮತ್ತು ಹಲ್ಕ್‌ಲಿಂಗ್ ಎಂಬ ಇಬ್ಬರು ಹುಡುಗರು ಮುತ್ತಿಡುತ್ತಾರೆ, ಬಟ್ಟೆ ತೊಟ್ಟುಕೊಂಡೇ. ಮೇಯರ್ ಮಾರ್ಸೆಲೊ ಕ್ರಿವೆಲ್ಲಾ ಆ ಪುಸ್ತಕವನ್ನು ಮೇಳದಿಂದ ತೆಗೆಯಿರಿ ಎಂದರು. ‘ಫೋಲ್ಯಾ’ ಪತ್ರಿಕೆ ಅದೇ ಚಿತ್ರವನ್ನು ಮುಖಪುಟದಲ್ಲೇ ಅಚ್ಚು ಹಾಕಿತು. ಯೂಟ್ಯೂಬರ್ ಫೆಲಿಪೆ ನೆಟೊ ಇಂಥ ವಿಷಯಗಳ 14,000 ಪುಸ್ತಕಗಳನ್ನು ಕೊಂಡು ಪುಕ್ಕಟೆ ಹಂಚಿದರು. ಕೊನೆಗೆ ಸುಪ್ರೀಂ ಕೋರ್ಟ್ ಮೇಯರನ್ನು ತಡೆಯಿತು. ಇದನ್ನೆಲ್ಲ ‘ವಿವಾದ ಹುಟ್ಟಿಸಿದ ಚುಂಬನ’ ಅಂತ ಬರೆದರೆ ಏನಾಗುತ್ತದೆ ನೋಡಿ. ಕರ್ತೃ ಮುತ್ತು ಆಗಿಬಿಡುತ್ತದೆ, ಮೇಯರ್ ವಾಕ್ಯದಿಂದಲೇ ಮಾಯ. ನಾನು ‘ಮೇಯರ್ ತಡೆಯಲು ಹೋದ ಮುತ್ತು’ ಅಂತ ಬರೆದಿದ್ದೇನೆ. ಚುಂಬನ ಯಾಕೆ ಬಿಟ್ಟೆ ಅಂದರೆ, ಮುತ್ತು ಅನ್ನುವುದು ಮನೆಯ ಮಾತು.

ಈಗ ನಿಮ್ಮನ್ನು ಕೇಳುವುದು ಇಷ್ಟು. ಹೆದರಿಕೆಯಿಂದ ಬಚ್ಚಿಟ್ಟದ್ದನ್ನು ತಾನಾಗಿ ಹೇಳುವುದಕ್ಕೆ, ತಪ್ಪಿನ ಸೋಂಕು ಇಲ್ಲದ ಒಂದು ಮಾತು ನಿಮ್ಮ ಕಡೆ ಬಳಕೆಯಲ್ಲಿದೆಯೇ? ‘ತೋಡಿಕೊಳ್ಳು’ ಬೇಡ, ಅದರಲ್ಲಿ ದುಃಖವೇ ತುಂಬಿದೆ. ಇನ್ನೊಂದು, ಒಲವನ್ನು ಹೇಳುವ ‘ಬೈಸೆಕ್ಷುಯಲ್’ ಪದಕ್ಕೆ ‘ಇಬ್ಬಗೆ ಒಲವಿನ’ ಅಂತ ಬರೆದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ? ನನಗೇನೋ ಅದರಲ್ಲಿ ‘ಇಬ್ಬಗೆ ನೀತಿ’ಯ ಸದ್ದು ಕೇಳಿಸುತ್ತಿದೆ.

ಸದ್ಯಕ್ಕೆ ನನ್ನ ಮೊದಲ ಸಾಲು ಹೀಗಾಗಿದೆ: “1992ರಲ್ಲಿ, ಮಗನನ್ನು ಕಳೆದುಕೊಂಡ ಒಬ್ಬ ತಂದೆಯ ಮುಂದೆ, ನಾರ್ತ್‌ಸ್ಟಾರ್ ತನ್ನ ಒಲವಿನ ಬಗ್ಗೆ ಬಾಯಿಬಿಟ್ಟು ಹೇಳಿದ.” ಇದಕ್ಕಿಂತ ಒಳ್ಳೆಯದು ತೋಚಿದರೆ ದಯವಿಟ್ಟು ಬರೆಯಿರಿ.