ಸಹಾಯ ಬೇಕು: ಅಜ್ಜನ ಟ್ರಂಕಿನಲ್ಲಿ ಸಿಕ್ಕ ಜಾರ್ಜ್ ರಾಜನ ನೋಟುಗಳು

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರಿನವರು. ನಮ್ಮಜ್ಜ ಮೂಡಿಗೆರೆ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಕಳೆದ ವಾರ ಅವರ ಟ್ರಂಕು ತೆಗೆದಾಗ ಕೂಲಿ ಲೆಕ್ಕದ ಪುಸ್ತಕದೊಳಗೆ ಮೂರು ನೋಟು ಸಿಕ್ಕವು.

ಎರಡು ಹತ್ತು ರೂಪಾಯಿಯವು, ಎರಡರಲ್ಲೂ ಆರನೇ ಜಾರ್ಜ್. ಒಂದರಲ್ಲಿ ರಾಜನ ಮುಖ ಪಕ್ಕಕ್ಕೆ ತಿರುಗಿದೆ, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಜೆ.ಬಿ. ಟೇಲರ್ ಸಹಿ ಇದೆ. ಇನ್ನೊಂದರಲ್ಲಿ ರಾಜ ನೇರವಾಗಿ ನೋಡುತ್ತಾನೆ, ಸಹಿ ಸಿ.ಡಿ. ದೇಶಮುಖ್ ಅವರದು. ರಿಸರ್ವ್ ಬ್ಯಾಂಕ್ ತನ್ನ ಹೆಸರಿನ ನೋಟು ಶುರು ಮಾಡಿದ್ದು 1938ರಲ್ಲಿ, ದೇಶಮುಖ್ ಗವರ್ನರ್ ಆದದ್ದು ಟೇಲರ್ ನಂತರ, 1943ರಲ್ಲಿ. ಹಾಗಾದರೆ ಟೇಲರ್ ನೋಟೇ ಹಳೆಯದು ಅಲ್ವಾ? ಮೂರನೆಯದು 1940ರ ಒಂದು ರೂಪಾಯಿ. ಅದು ಭಾರತ ಸರ್ಕಾರದ್ದು, ಆಗಿನ ಹಣಕಾಸು ಕಾರ್ಯದರ್ಶಿ ಸಿ.ಇ. ಜೋನ್ಸ್ ಸಹಿ.

ಟೇಲರ್ ನೋಟಿನ ಎಡಗಡೆ ಎರಡು ಗುಂಡುಪಿನ್ ತೂತು ಇವೆ, ಸುತ್ತ ಸ್ವಲ್ಪ ತುಕ್ಕು. ನಡುವೆ ಒಂದು ಮಡಿಕೆ. ಬೆಳಕಿಗೆ ಹಿಡಿದರೆ ರಾಜನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಈ ತೂತುಗಳಿಂದ ಬೆಲೆ ಎಷ್ಟು ಇಳಿಯುತ್ತದೆ? ತಮ್ಮ ಲ್ಯಾಮಿನೇಷನ್ ಮಾಡಿಸೋಣ ಅಂದ, ನಾನು ಬಿಡಲಿಲ್ಲ. ಈಗ ಸುಮ್ನೆ ಪುಸ್ತಕದಲ್ಲೇ ಇಟ್ಟಿದ್ದೇನೆ. ಯಾವ ತರಹದ ಕವರ್ ಒಳ್ಳೆಯದು?

ಹಳೇ ನೋಟಿಗೆ ಲಕ್ಷ ಲಕ್ಷ ಕೊಡ್ತೀವಿ, ಮೊದಲು ಶುಲ್ಕ ಕಟ್ಟಿ ಅನ್ನುವವರನ್ನು ದಯವಿಟ್ಟು ಸೂಚಿಸಬೇಡಿ. ಅಂಥವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಹಾಸನ, ಚಿಕ್ಕಮಗಳೂರು ಕಡೆ ನೋಟು ಸಂಗ್ರಹ ಮಾಡುವವರು ಯಾರಾದರೂ ಇದ್ದರೆ ಹೇಳಿ, ನಾನೇ ತಂದು ತೋರಿಸುತ್ತೇನೆ. ಟೇಲರ್ ನೋಟು ಮಾತ್ರ ಮಾರುವುದಿಲ್ಲ, ಅದರ ಅಂಚಿನಲ್ಲಿ ಅಜ್ಜನ ಪೆನ್ಸಿಲ್ ಗುರುತಿದೆ.