ಪದಚರ್ಚೆ: ರೂಟರಿನ ‘ರೀಸೆಟ್’ಗೆ ‘ಮರುಹೊಂದಿಸು’ ಸರಿಹೋಗುತ್ತಾ?

ಗೆಳೆಯರೇ, ನಮಸ್ಕಾರ.

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿಕೊಂಡವರಿಗಾಗಿ ಕನ್ನಡದಲ್ಲಿ ಒಂದು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಮಕ್ಕಳೆಲ್ಲ ಬೇರೆ ಊರಿನಲ್ಲಿದ್ದು, ಮನೆಯಲ್ಲಿ ಇಬ್ಬರೇ ಇರುವ ಹಿರಿಯರು ಜಾಸ್ತಿ. ನೆಟ್ ಹೋದರೆ ಮಗಳ ವಿಡಿಯೋ ಕಾಲ್ ಹೋಗುತ್ತೆ, ಟಿವಿ ನಿಲ್ಲುತ್ತೆ. ಆಗ ಫೋನಿನಲ್ಲಿ ಯಾರಾದರೂ ಹೇಳಿದಂತೆ ಮಾಡಬೇಕು. ಅದರ ಬದಲು, ರೂಟರ್ ಪಕ್ಕದ ಗೋಡೆಗೆ ಅಂಟಿಸಿದ ಹಾಳೆ ನೋಡಿಕೊಂಡು ಅವರೇ ಸರಿ ಮಾಡಿಕೊಳ್ಳುವಂತಾಗಲಿ ಅಂತ ನನ್ನ ಆಸೆ.

ವಸ್ತುಗಳ ಹೆಸರಿನಲ್ಲಿ ತೊಡಕೇನೂ ಆಗಲಿಲ್ಲ. ರೂಟರ್, ಕೇಬಲ್, ಅಡಾಪ್ಟರ್, ವೈಫೈ ಎಲ್ಲರಿಗೂ ಗೊತ್ತು. ಕೆಲವರು ರೂಟರಿಗೆ ‘ಮೋಡೆಮ್’ ಅಂತಾರೆ, ಕೆಲವರು ‘ವೈಫೈ ಬಾಕ್ಸ್’ ಅಂತಾರೆ. ಯಾವುದಂದರೂ ನಡೆಯುತ್ತೆ. ನಾನು ಸಿಕ್ಕಿಹಾಕಿಕೊಂಡಿರುವುದು ಕ್ರಿಯಾಪದಗಳಲ್ಲಿ, ಅದರಲ್ಲೂ ‘ರೀಸ್ಟಾರ್ಟ್’ ಮತ್ತು ‘ರೀಸೆಟ್’ ಎಂಬ ಜೋಡಿಯಲ್ಲಿ.

ರೀಸ್ಟಾರ್ಟ್ ಅಂದರೆ ಸ್ವಿಚ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡುವುದು. ಇದರಿಂದ ಏನೂ ಅಳಿಯುವುದಿಲ್ಲ. ರೀಸೆಟ್ ಬೇರೆ. ರೂಟರಿನ ಹಿಂದೆ ಒಂದು ಪುಟ್ಟ ತೂತು ಇರುತ್ತೆ. ಒಳಗಿನ ಗುಂಡಿಯನ್ನು ಪಿನ್ನಿನಿಂದ ಸುಮಾರು 10 ಸೆಕೆಂಡು ಒತ್ತಿ ಹಿಡಿದರೆ ದೀಪಗಳೆಲ್ಲ ಒಟ್ಟಿಗೆ ಆರಿ, ಮತ್ತೆ ಒಂದೊಂದೇ ಹತ್ತಿಕೊಳ್ಳುತ್ತವೆ. ಅಷ್ಟರಲ್ಲಿ ನಾವು ಇಟ್ಟ ವೈಫೈ ಹೆಸರು, ಪಾಸ್‌ವರ್ಡ್ ಎಲ್ಲ ಹೋಗಿರುತ್ತೆ. ಇಂಟರ್ನೆಟ್ ಕೊಡುವವರು ತುಂಬಿದ್ದ ಯೂಸರ್ ಐಡಿಯೂ ಬಹಳಷ್ಟು ಕಡೆ ಅದರ ಜೊತೆಗೇ ಹೋಗುತ್ತೆ. ಆ ಐಡಿ ಮನೆಯವರ ಕೈಯಲ್ಲಿ ಇರುವುದು ಅಪರೂಪ. ಲೈನ್‌ಮನ್ ಬಂದು ತುಂಬುವವರೆಗೆ ಫೋನಿನಲ್ಲಿ ವೈಫೈ ಗುರುತು ಕಾಣುತ್ತೆ, ನೆಟ್ ಮಾತ್ರ ಬರುವುದಿಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಹೀಗೇ ಆಯಿತು. ದೂರು ಕೊಡಲು ಫೋನ್ ಮಾಡಿದಾಗ ಆ ಕಡೆಯವರು ‘ಒಂದ್ಸಲ ರೀಸೆಟ್ ಮಾಡಿ ನೋಡಿ ಅಮ್ಮ’ ಅಂದರು. ಅವರು ಹೇಳಬೇಕೆಂದಿದ್ದದ್ದು ಬರೀ ಆಫ್ ಮಾಡಿ ಆನ್ ಮಾಡುವುದನ್ನು. ಅಜ್ಜಿ ಡಬ್ಬಿ ತಿರುಗಿಸಿ ನೋಡಿದರು. ರೀಸೆಟ್ ಅಂತಲೇ ಬರೆದ ತೂತು ಕಂಡಿತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಒತ್ತಿ ಹಿಡಿದರು. ಅಜ್ಜಿ ಮಾಡಿದ್ದು ಹೇಳಿದ ಮಾತಿನಂತೆ ಸರಿಯಾಗಿಯೇ ಇತ್ತು. ಎರಡು ಬೇರೆ ಕೆಲಸಗಳಿಗೆ ಒಂದೇ ಮಾತು ಬಳಸಿದವರದ್ದು ತಪ್ಪು.

ಈಗ ಕನ್ನಡಕ್ಕೆ ಬರೋಣ. ಫೋನುಗಳ ಕನ್ನಡ ಪರದೆಯಲ್ಲಿ ರೀಸ್ಟಾರ್ಟ್‌ಗೆ ‘ಮರುಪ್ರಾರಂಭಿಸಿ’ ಅಂತಲೂ ರೀಸೆಟ್‌ಗೆ ‘ಮರುಹೊಂದಿಸಿ’ ಅಂತಲೂ ಕಾಣುತ್ತೆ. ಎರಡೂ ‘ಮರು’ದಿಂದ ಶುರುವಾಗುತ್ತವೆ, ಉದ್ದವೂ ಹೆಚ್ಚುಕಮ್ಮಿ ಅಷ್ಟೇ. ಕನ್ನಡಕ ಹುಡುಕುತ್ತಾ ಓದುವವರಿಗೆ ಎರಡೂ ಒಂದೇ ಥರ. ಅದಕ್ಕಿಂತ ದೊಡ್ಡ ತೊಂದರೆ ಅರ್ಥದಲ್ಲಿದೆ. ನಾವು ‘ಹೊಂದಿಸು’ ಅನ್ನುವುದು ಯಾವಾಗ? ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಕೆತ್ತಿ ಹೊಂದಿಸುತ್ತೇವೆ. ಫೀಸಿಗೆ ದುಡ್ಡು ಹೊಂದಿಸುತ್ತೇವೆ. ಅಂದರೆ ಇರುವುದನ್ನು ಉಳಿಸಿಕೊಂಡು, ಸರಿಯಾಗಿ ಕೂಡುವಂತೆ ಮಾಡುವುದು. ‘ಮರುಹೊಂದಿಸಿ’ ಓದಿದವರು ‘ಸ್ವಲ್ಪ ಆಚೆಈಚೆ ಮಾಡಿ ಸರಿಮಾಡೋದು’ ಅಂದುಕೊಳ್ಳುತ್ತಾರೆ. ಎಲ್ಲ ಅಳಿಸಿಹೋಗುತ್ತೆ ಅನ್ನುವ ಎಚ್ಚರಿಕೆ ಆ ಪದದಲ್ಲಿ ಎಲ್ಲೂ ಇಲ್ಲ.

ರೀಸೆಟ್‌ಗೆ ‘ಮೊದಲಿನಂತೆ ಮಾಡು’ ಅಂತ ಬರೆದು ಇಬ್ಬರಿಗೆ ಓದಲು ಕೊಟ್ಟೆ. ಇಬ್ಬರೂ ಅರ್ಥ ಮಾಡಿಕೊಂಡದ್ದು ‘ನಿನ್ನೆ ಚೆನ್ನಾಗಿ ನಡೀತಿತ್ತಲ್ಲ, ಹಾಗೆ ಮಾಡೋದು’ ಅಂತ! ‘ಖಾಲಿ ಮಾಡು’ ಅರ್ಥಕ್ಕೆ ಹತ್ತಿರ ಇದೆ, ಆದರೆ ಡಬ್ಬಿಯಿಂದ ಏನನ್ನು ಖಾಲಿ ಮಾಡುವುದು ಅನ್ನುವ ಪ್ರಶ್ನೆ ಬರುತ್ತೆ. ಸದ್ಯಕ್ಕೆ ನನ್ನ ಒಲವು ‘ಅಳಿಸು’ ಕಡೆಗಿದೆ. ಸ್ಲೇಟು ಅಳಿಸಿದವರಿಗೆಲ್ಲ ಅದು ಏನು ಅಂತ ಗೊತ್ತು. ‘ಈ ತೂತಿಗೆ ಪಿನ್ ಹಾಕಬೇಡಿ, ಬರೆದಿಟ್ಟದ್ದೆಲ್ಲ ಅಳಿಸಿಹೋಗುತ್ತದೆ’ ಅಂತ ಕೆಂಪಕ್ಷರದಲ್ಲಿ ಹಾಕಿದ್ದೇನೆ. ರೀಸ್ಟಾರ್ಟ್‌ಗೆ ಬೇರೆ ಪದವೇ ಬೇಡ, ‘ಆಫ್ ಮಾಡಿ ಆನ್ ಮಾಡಿ’ ಸಾಕು ಅನಿಸಿತು.

‘ಹೊಂದಿಸು’ ಅನ್ನು ನಾನು ಕಾನ್ಫಿಗರ್‌ಗೆ ಉಳಿಸಿಕೊಂಡಿದ್ದೇನೆ. ಕಂಪ್ಯೂಟರ್ ಕನ್ನಡದಲ್ಲಿ ಇದಕ್ಕೆ ‘ಸಂರಚನೆ’ ಅಂತ ಇದೆ. ಆದರೆ ಸಮಾಜಶಾಸ್ತ್ರದ ಪುಸ್ತಕ ಓದುವವರಿಗೆ ಸಂರಚನೆ ಅಂದರೆ ಒಂದರ ಒಳಕಟ್ಟು. ಉಳಿದವರಿಗೆ ಅದು ಏನೂ ಅಲ್ಲ. ವೈಫೈ ಹೆಸರು ಬದಲಿಸುವುದು, ಪಾಸ್‌ವರ್ಡ್ ಇಡುವುದು, ಐಡಿ ತುಂಬುವುದು, ಎಲ್ಲ ಸೇರಿ ‘ರೂಟರ್ ಹೊಂದಿಸುವುದು’ ಅಂದರೆ ಯಾರಿಗೂ ಕಷ್ಟವಾಗಲ್ಲ ಅಲ್ವಾ? ಜನ ‘ಸೆಟ್ ಮಾಡೋದು’ ಅಂತಾರೆ, ಅದೂ ಚೆನ್ನಾಗಿಯೇ ಇದೆ. ಆದರೆ ಅದೇ ಹಾಳೆಯಲ್ಲಿ ‘ರೀಸೆಟ್’ ಕೂಡ ಇರುವಾಗ ‘ಸೆಟ್’ ಬೇಡ ಅಂತ ಬಿಟ್ಟೆ.

ಇನ್‌ಸ್ಟಾಲ್ ವಿಚಾರ ಸುಲಭ. ‘ಅನುಸ್ಥಾಪಿಸು’ ನನ್ನ ಬಾಯಿಗೂ ಬರುವುದಿಲ್ಲ. ‘ಸ್ಥಾಪನೆ’ ಪ್ರತಿಮೆಗೂ ಸಂಘಕ್ಕೂ ಇರಲಿ. ಮೀಟರ್ ಹಾಕಿಸುತ್ತೇವೆ, ನಲ್ಲಿ ಹಾಕಿಸುತ್ತೇವೆ, ಬೋರ್‌ವೆಲ್ಲಿಗೆ ಮೋಟರ್ ಕೂರಿಸುತ್ತೇವೆ. ಕಂಬದಿಂದ ಮನೆಗೆ ಲೈನ್ ಎಳೆಸುತ್ತೇವೆ. ಹಾಗಾಗಿ ಕೇಬಲ್‌ಗೆ ‘ಎಳೆ’, ರೂಟರಿಗೆ ‘ಕೂರಿಸು’. ಕೂರಿಸು ಅಂದಾಗ ಎಲ್ಲಿ ಅನ್ನುವ ಪ್ರಶ್ನೆಯೂ ತಾನಾಗಿ ಬರುತ್ತೆ. ಅದು ಬರಲೇಬೇಕು, ಯಾಕಂದರೆ ಎಷ್ಟೋ ಮನೆಗಳಲ್ಲಿ ರೂಟರನ್ನು ಕೇಬಲ್ ಒಳಬಂದ ಮೂಲೆಯಲ್ಲೇ, ಟಿವಿ ಹಿಂದೆಯೋ ಕಬ್ಬಿಣದ ಬೀರು ಪಕ್ಕವೋ ಇಟ್ಟುಬಿಡುತ್ತಾರೆ. ಮನೆ ನಡುವೆ, ಎತ್ತರದಲ್ಲಿ, ತೆರೆದ ಜಾಗದಲ್ಲಿ ಕೂರಿಸಿದರೆ ವೈಫೈ ಎಲ್ಲ ಕೋಣೆಗೂ ಸಿಗುವ ಸಾಧ್ಯತೆ ಹೆಚ್ಚು. ಆದರೆ ಹುಬ್ಬಳ್ಳಿ-ಧಾರವಾಡದ ಕಡೆ ಇದೇ ಅರ್ಥಕ್ಕೆ ‘ಕೂಡಿಸು’ ಅಂತಲೂ ಕೇಳಿದ್ದೇನೆ. ನಮ್ಮಲ್ಲಿ ಕೂಡಿಸು ಅಂದರೆ ಲೆಕ್ಕ. ಆ ಕಡೆಯವರು ‘ಕೂರಿಸು’ ಓದಿದರೆ ಅನ್ಯ ಅನಿಸುತ್ತಾ?

ಅದೇ ಕಡೆಯವರಿಗೆ ಇನ್ನೊಂದು ಪ್ರಶ್ನೆ. ವೈಫೈ ಪಾಸ್‌ವರ್ಡ್‌ಗೆ ಕೆಲವು ರೂಟರುಗಳ ಅಡಿಯ ಸ್ಟಿಕರಿನಲ್ಲಿ ‘ಕೀ’ ಅಂತ ಇರುತ್ತೆ. ಅದನ್ನು ‘ಕೀಲಿ’ ಅಂತ ಬರೆಯೋಣ ಅಂದರೆ, ನಿಮ್ಮಲ್ಲಿ ಕೀಲಿ ಅಂದರೆ ಬೀಗ, ತೆರೆಯುವುದು ಕೀಲಿಕೈ. ಬೀಗಕ್ಕೂ ಬೀಗದ ಕೈಗೂ ಒಂದೇ ಪದ ಆದರೆ ಕೆಲಸ ಕೆಟ್ಟಂತೆ. ಅದಕ್ಕೆ ‘ಪಾಸ್‌ವರ್ಡ್’ ಅಂತಲೇ ಉಳಿಸಿದ್ದೇನೆ. ‘ಗುಪ್ತಪದ’ ಅಂದವಾಗಿದೆ, ಒಪ್ಪುತ್ತೇನೆ. ಆದರೆ ರೂಟರಿನಲ್ಲಿ ಪಾಸ್‌ವರ್ಡ್ ಒಂದೇ ಇರುವುದಿಲ್ಲ. ಫೋನಿಗೆ ವೈಫೈ ಸಿಗಲು ಒಂದು. ಬ್ರೌಸರಿನಲ್ಲಿ ರೂಟರಿನ ವಿಳಾಸ (ಎಷ್ಟೋ ರೂಟರುಗಳಲ್ಲಿ 192.168.1.1) ಹೊಡೆದು ಅದರ ಒಳಗೆ ಹೋಗಲು ಇನ್ನೊಂದು. ಕಂಪನಿಯ ಐಡಿಗೆ ಮತ್ತೊಂದು. ಗೊಂದಲವಾಗುವುದು ಇಲ್ಲೇ. ಹಾಗಾಗಿ ‘ವೈಫೈ ಪಾಸ್‌ವರ್ಡ್’, ‘ರೂಟರ್ ಪಾಸ್‌ವರ್ಡ್’, ‘ಕಂಪನಿ ಪಾಸ್‌ವರ್ಡ್’ ಅಂತ ಬಿಡಿಸಿ ಬರೆದು, ಪ್ರತಿಯೊಂದರ ಮುಂದೆ ಪೆನ್ನಿನಲ್ಲಿ ತುಂಬಿಕೊಳ್ಳಲು ಜಾಗ ಬಿಟ್ಟಿದ್ದೇನೆ. ತುಂಬಿದ ಭಾಗ ಗೋಡೆಗೆ ಬೇಡ, ಕರೆಂಟ್ ಬಿಲ್ಲಿನ ಫೈಲಿನಲ್ಲಿ ಇರಲಿ ಅಂತಲೂ ಸೇರಿಸಿದ್ದೇನೆ.

ದೀಪಗಳ ಬಗ್ಗೆ ಒಂದೇ ಮಾತು. ಎಲ್‌ಒಎಸ್ (LOS, ಅಂದರೆ ‘ಲಾಸ್ ಆಫ್ ಸಿಗ್ನಲ್’) ಅಂತ ಬರೆದ ಕಡೆ ಕೆಂಪು ದೀಪ ಹತ್ತಿದ್ದರೆ ಅಥವಾ ಮಿಣುಕುತ್ತಿದ್ದರೆ ಫೈಬರಿನ ಬೆಳಕು ಮನೆವರೆಗೆ ಬರುತ್ತಿಲ್ಲ ಅಂತ ಅರ್ಥ. ಎಲ್ಲೋ ತಂತಿ ತುಂಡಾಗಿರಬಹುದು, ತುದಿ ಸಡಿಲವಾಗಿರಬಹುದು. ಆಗ ರೀಸೆಟ್ ಮಾಡಿ ಏನೂ ಪ್ರಯೋಜನವಿಲ್ಲ. ‘ಮಿಣುಕು’ ಎಲ್ಲ ಕಡೆ ನಡೆಯುತ್ತಾ, ಅಥವಾ ‘ಹತ್ತಿ ಆರಿ ಮಾಡುತ್ತಿದ್ದರೆ’ ಅಂತ ಬಿಡಿಸಿ ಹೇಳಬೇಕಾ?

ನಿಮ್ಮ ಊರಿನಲ್ಲಿ ಲೈನ್‌ಮನ್‌ಗಳು, ಕೇಬಲ್ ಹುಡುಗರು ರೀಸೆಟ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ದಯವಿಟ್ಟು ಕೇಳಿ ಬರೆಯಿರಿ. ನಿಘಂಟಿನ ಪದಕ್ಕಿಂತ ಅವರ ಬಾಯಿಯ ಮಾತು ನನಗೆ ಹೆಚ್ಚು ಬೇಕಾಗಿದೆ. ‘ಅಳಿಸು’ಗಿಂತ ಒಳ್ಳೆಯದು ಸಿಕ್ಕರೆ ಹಾಳೆಯಲ್ಲಿ ಬದಲಿಸಿಯೇ ಅಚ್ಚಿಗೆ ಕೊಡುತ್ತೇನೆ.